ನೂರಕ್ಕೆ ನೂರು ಗುರುಬಾಯಿ

ಆಳಂದ
೧೨ ಅಕ್ಟೋಬರ್ ೧೯೯೬

ಅಫಜಲಪುರದ ಅಕ್ಕ ಗುರುಬಾಯಿಗೆ ತಮ್ಮ ದೌಲತರಾಯನ ಶರಣು.

ಬೊಂಬಾಯಿಯಿಂದ ಮೊನ್ನೆ ಬಂದು ಮುಟ್ಟಿದೆ. ನಿನ್ನ ಎಲುಬಿನ ಮಜ್ಜೆ ನನ್ನೊಳಗೆ ಇಳಿದು ಇವತ್ತಿಗೆ ನೂರಾ ಹದಿನೈದು ದಿನ. ತಲೆಯ ಮೇಲೆ ಹೊಸದಾಗಿ ಕೂದಲು ಬರುತ್ತಿದೆ, ನಿನ್ನ ತಮ್ಮನ ಹೆಂಡತಿ ಶಿವಕಾಂತಾ ದಿನಾ ಕೈಯಾಡಿಸಿ ನಗುತ್ತಾಳೆ. ಮೂಗಿಗೆ ಬಟ್ಟೆ ಕಟ್ಟಿಕೊಂಡಿರಬೇಕು, ಹೊರಗಿನವರು ಹತ್ತಿರ ಬರಬಾರದು. ಕಚೇರಿಗೆ ಇನ್ನೂ ಆರು ತಿಂಗಳು ರಜೆ.

ಹೊರಡುವ ಮುಂಚೆ ಡಾಕ್ಟರ್ ಬಾಯಿ ಒಂದು ಹಾಳೆ ತೋರಿಸಿದರು. ಅವರು ಬೆಳಗಾವಿ ಕಡೆಯವರು, ಕನ್ನಡದಲ್ಲೇ ತಿಳಿಸಿ ಹೇಳಿದರು. ಹಾಳೆಯ ಮೇಲೆ ಮೂರು ಸಾಲು, ಒಂದೊಂದು ಸಾಲಿನಲ್ಲೂ ಅಡ್ಡ ಗೆರೆಗಳು. ಮೊದಲನೆಯದು ಕ್ಯಾನ್ಸರ್ ಇದ್ದಾಗಿನ ನನ್ನ ರಕ್ತದ್ದು, ಎರಡನೆಯದು ನಿನ್ನದು, ಮೂರನೆಯದು ನನ್ನ ಈಗಿನ ರಕ್ತದ್ದು. ಡಿಎನ್ಎ ಪರೀಕ್ಷೆ ಅಂದರೆ ಇದೇ ಅಂತೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಾದ್ದರಿಂದ ನಮ್ಮಿಬ್ಬರ ಗೆರೆಗಳು ಬಹಳ ಕಡೆ ಒಂದೇ ತರಹ, ಎರಡು ಕಡೆ ಮಾತ್ರ ಬೇರೆ. ನೋಡಬೇಕಾದದ್ದು ಆ ಎರಡು ಜಾಗವನ್ನಂತೆ. ಅಲ್ಲಿ ನನ್ನ ಹಳೆಯ ಗೆರೆ ಅಳಿಸಿಹೋಗಿದೆ, ಇರುವುದೆಲ್ಲ ನಿನ್ನದು. ನೂರಕ್ಕೆ ನೂರು. ಹಾಗೇ ಉಳಿದರೆ ನಾನೂ ಉಳಿದೆ. ನನ್ನ ಹಳೆಯ ಗೆರೆ ಮತ್ತೆ ಮೂಡಿದರೆ ರೋಗವೂ ಅದರ ಹಿಂದೆಯೇ ಬರುತ್ತದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ನೋಡುತ್ತಾರೆ.

ನೋಂದಣಿ ಕಚೇರಿಯಲ್ಲಿ ಹನ್ನೆರಡು ವರ್ಷ ಮಂದಿಯ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನು. "ಇದು ನಮ್ಮ ಹೆಬ್ಬೆಟ್ಟಿನ ಹಂಗೇ ಆತಲ್ರಿ ಬಾಯಿ" ಅಂದೆ. ನಕ್ಕರು.

ಇನ್ನೊಂದು ಸುದ್ದಿ ಕೇಳಿದರೆ ನೀನು ಕುಣಿಯುತ್ತೀಯ. ನಿನ್ನೆ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡೆ. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ತುಟಿ ಉರಿಯತೊಡಗಿತು, ಕಿವಿಯ ತನಕ ತುರಿಕೆ. ಕನ್ನಡಿಯಲ್ಲಿ ನೋಡಿದರೆ, ಚಿಕ್ಕಂದಿನಲ್ಲಿ ನಿನಗೆ ಆಗುತ್ತಿದ್ದ ಹಾಗೆಯೇ ಮೇಲಿನ ತುಟಿ ಊದಿದೆ! ಹುಟ್ಟಿದಾಗಿನಿಂದ ನಿನಗೆ ಆಗದ ಶೇಂಗಾ ಈಗ ನನಗೂ ಆಗದು. ಫೋನ್ ಮಾಡಿ ಕೇಳಿದ್ದಕ್ಕೆ ಡಾಕ್ಟರ್ ಬಾಯಿ, ಹೀಗೂ ಒಮ್ಮೊಮ್ಮೆ ಆಗುತ್ತದೆ, ಕೊಟ್ಟವರ ರಕ್ತದ ಜೊತೆ ಅದರ ಮುನಿಸೂ ಬರುತ್ತದೆ, ಇನ್ನು ಮುಟ್ಟಬೇಡಿ ಅಂದರು.

ನಿನ್ನ ಕಾಗದ ಬರೆದುಕೊಡುವ ಖುರ್ಷಿದಬೇಗಂ ಅವರಿಗೆ ನನ್ನ ಸಲಾಂ ತಿಳಿಸು. ಹೆಬ್ಬೆಟ್ಟು ಒತ್ತುವಾಗ ಮಸಿ ಕಡಿಮೆ ಹಚ್ಚಿಕೋ, ನಿನ್ನ ಬೆರಳಿನ ಚಕ್ರದ ಗೆರೆ ಮುಚ್ಚಿಹೋಗುತ್ತದೆ.

ನಿನ್ನ ತಮ್ಮ
ದೌಲತರಾಯ


ಅಫಜಲಪುರ
೩ ನವೆಂಬರ್ ೧೯೯೬

ಲೇ ದೌಲ್ಯಾ,

ನಿನ್ನ ಕಾಗದ ಖುರ್ಷಿದಾ ಓದಿ ಹೇಳಿದ್ಳು. ಶೇಂಗಾದ ಸುದ್ದಿ ಮಾತ್ರ ಮೂರ ಸಲ ಓದಿಸಿದೆ. ಭೂಸನೂರಾಗ ಗಾಣದ ಮುಂದ ಕುಂತು ಬಿಸಿ ಬೆಲ್ಲ, ಶೇಂಗಾ ತಿಂದು ನನ್ನ ಅಣಕಸ್ತಿದ್ದಿಲ್ಲೋ, ತಿನ್ನು ಈಗ! ನನ್ನ ರಕ್ತ ಪುಕ್ಕಟೆ ಬರ್ತದೇನು? ನನ್ನ ಹಟಾನೂ ಕಟಗೊಂಡು ಬಂದದ.

ನಿಮ್ಮ ಮಾಮಾ ಕಲ್ಯಾಣಪ್ಪನವರು ಬಜಾರದಾಗ ಕಂಡಕಂಡವರ ಮುಂದ ಹೇಳ್ಕೋತ ಅಡ್ಡಾಡ್ತಾರ, ನನ್ನ ಹೇಣ್ತಿ ತಮ್ಮನ ಸಲುವಾಗಿ ಎಲುಬಿನಾಗಿಂದು ತಗಸಿ ಕೊಟ್ಟು ಬಂದಾಳ ಅಂತ. ನನಗೇನೂ ಆಗಿಲ್ಲ. ನಾಕ ದಿನ ನಡ ಹಿಡದಿತ್ತು, ಅಷ್ಟೇ.

ಒಂದು ಮಾತು ಕೇಳ್ತೇನಿ. ನೂರಕ್ಕ ನೂರು ನಾನೇ ಅಂದ್ರ ನೀ ಎಲ್ಲಿ ಹೋದ್ಯೋ? ರೊಟ್ಟಿ ಬಡಿವಾಗ ಇದು ನೆನಪಾಗಿ ಕೈ ನಿಂತು ಬಿಡ್ತು. ನಾ ಇಲ್ಲಿ ಕುಂತೇನಿ, ಅಲ್ಲಿ ನಿನ್ನ ಮೈಯಾಗ ತಿರಗಾಕತ್ತೇನಿ. ಖುರ್ಷಿದಾ ಅಂತಾಳ, ಹಂಗ ಅನಬ್ಯಾಡ್ರಿ ಅಕ್ಕಾ, ಅಂಜಿಕಿ ಬರ್ತದ ಅಂತ. ನನಗೆಲ್ಲಿ ಅಂಜಿಕಿ! ನನ್ನ ಚಲೋತ್ನಾಗ ನೋಡ್ಕೋ. ಚಹಾ ಕಡಿಮಿ ಕುಡಿ, ನನಗ ಪಿತ್ತ ಆಗ್ತದ.

ಸಂಕ್ರಮಣಕ್ಕ ಬರ್ತೇನಿ. ಒಳಗ ಬರಬ್ಯಾಡ ಅಂದ್ರ ಬಾಗಿಲದಾಗ ಕುಂತು ನೋಡಿ ಹೋಗ್ತೇನಿ.

(ಎಡಗೈ ಹೆಬ್ಬೆಟ್ಟು)

ಹೇಳಿದವರು ಗುರುಬಾಯಿ. ಹೇಳಿದ್ದನ್ನು ಹೇಳಿದಂತೆಯೇ ಬರೆದವಳು ಪಕ್ಕದ ಮನೆಯ ಖುರ್ಷಿದಬೇಗಂ.


ಆಳಂದ
೨೪ ಜನವರಿ ೧೯೯೭

ಅಕ್ಕಾ,

ಸಂಕ್ರಮಣದ ದಿನ ಸಂಜೆಯ ತನಕ ಬಾಗಿಲು ನೋಡಿದೆ. ನೀನು ಬರಲಿಲ್ಲ, ಕಾಗದವೂ ಇಲ್ಲ. ಸಿಟ್ಟಾಗಿದ್ದೀಯಾ?

ಹಬ್ಬದ ಹಿಂದಿನ ವಾರ ಶಿವಕಾಂತಾ ದಿಢೀರನೆ ತವರಿಗೆ, ಜೇವರ್ಗಿಗೆ ಹೋದಳು. ಅವಳ ತಾಯಿಗೆ ಆರಾಮಿರಲಿಲ್ಲವಂತೆ. ನಾಲ್ಕು ದಿನ ಬಿಟ್ಟು ಬಂದಳು, ಬಂದಾಗಿನಿಂದ ಮಾತಿಲ್ಲ. ಹಾಗಾಗಿ ಹತ್ತನೆಯ ತಾರೀಖು ನಾನು ಕಚೇರಿಯ ಗುರಣ್ಣನ ಜೊತೆ ಸೊಲ್ಲಾಪುರಕ್ಕೆ ಹೋಗಿ ರಕ್ತ ಕೊಟ್ಟು ಬಂದೆ. ಅಲ್ಲಿಂದ ಅದು ಬೊಂಬಾಯಿಗೆ ಹೋಯಿತು. ನಿನ್ನೆ ವರದಿ ಬಂತು. ಈ ಸಲವೂ ನೂರಕ್ಕೆ ನೂರು.

ಫೋನಿನಲ್ಲಿ ಡಾಕ್ಟರ್ ಬಾಯಿ ಇನ್ನೊಂದು ಮಾತು ಹೇಳಿದರು. "ರಕ್ತದ ಮಟ್ಟಿಗೆ ನೀವು ಹೆಂಗಸು, ದೌಲತರಾಯ. ಯಾವ ಲ್ಯಾಬಿಗೆ ಕೊಟ್ಟರೂ ಹೆಂಗಸಿನ ರಕ್ತ ಅಂತಲೇ ಬರೆದುಕೊಡುತ್ತಾರೆ." ಗುರಣ್ಣ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಆಮೇಲೆ ಕೈಯ ಮೇಲಿನ ನರವನ್ನು ನೋಡುತ್ತ ಬಹಳ ಹೊತ್ತು ಕುಳಿತೆ.

ಕಾಗದ ಬರೆಸು. ಚಿಂತೆಯಾಗುತ್ತಿದೆ.

ದೌಲತರಾಯ


ಅಫಜಲಪುರ
೩೦ ಜನವರಿ ೧೯೯೭

ಶಿವಕಾಂತಾ ಬಾಯಿಯವರಿಗೆ ಖುರ್ಷಿದಬೇಗಂ ತಿಳಿಸುವುದು.

ನೀವು ಹೇಳಿದಂತೆ ಇದನ್ನು ಜೇವರ್ಗಿಯ ವಿಳಾಸಕ್ಕೇ ಹಾಕುತ್ತಿದ್ದೇನೆ. ನಿಮ್ಮ ಮನೆಯವರ ಕಾಗದ ಬಂದಿದೆ. ಗುರುಬಾಯಿ ಅಕ್ಕನ ಹೆಸರು ಬರೆದ ಲಕೋಟೆ, ನಾನೇ ಒಡೆದು ಓದಿದೆ.

ಮೂರೇ ದಿನದ ಜ್ವರ. ಒಂಬತ್ತನೆಯ ತಾರೀಖು ಹೋದರು, ಅದೇ ಸಂಜೆ ಮಣ್ಣಾದರು. ತಮ್ಮನಿಗೆ ಎಲುಬಿನ ಸಾರ ಕೊಟ್ಟದ್ದಕ್ಕೇ ಹೀಗಾಯಿತೆಂದು ಓಣಿಯವರು ಆಡಿಕೊಳ್ಳುತ್ತಾರೆ. ಅದು ಸುಳ್ಳು, ಜ್ವರ ಮಿದುಳಿಗೆ ಏರಿತ್ತು ಎಂದು ಇಲ್ಲಿನ ಡಾಕ್ಟರು ಎಲ್ಲರೆದುರು ಹೇಳಿದ್ದಾರೆ. ಆದರೆ ನಿಮ್ಮವರ ಕಿವಿಗೆ ಅದೇ ಮಾತು ಬಿದ್ದರೆ ಉಳಿಯುವುದಿಲ್ಲ ಎಂದು ನೀವು ಸಮಾಧಿಯ ಹತ್ತಿರ ನನ್ನ ಕೈ ಹಿಡಿದು ಅತ್ತಿರಿ. "ಗುಳಿಗಿ ಮುಗಿಯೋತನಕ ಬರೀರಿ, ನಿಮ್ಮ ಕಾಲ ಬೀಳ್ತೇನಿ" ಎಂದಿರಿ. ಬರೆಯುತ್ತೇನೆ. ಹತ್ತು ವರ್ಷದಿಂದ ಅಕ್ಕನ ಪ್ರತಿ ಕಾಗದವೂ ನನ್ನ ಅಕ್ಷರದಲ್ಲೇ ಹೋಗಿದೆ, ಗುರುತು ಸಿಗುವ ಭಯವಿಲ್ಲ. ಕಲ್ಯಾಣಪ್ಪನವರೂ ಒಪ್ಪಿದ್ದಾರೆ. ಹೆಬ್ಬೆಟ್ಟಿನದೊಂದೇ ಯೋಚನೆ ಇತ್ತು. ನನ್ನದೇ ಒತ್ತಿಬಿಡುತ್ತೇನೆ. ಮಸಿಯ ಕಲೆ ಯಾರದಾದರೇನು?

ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅವರ ರಕ್ತ ತೆಗೆದದ್ದು ಹತ್ತನೆಯ ತಾರೀಖು. ಅಂದರೆ ನಾವು ಅಕ್ಕನನ್ನು ಮಣ್ಣಿಗಿಟ್ಟ ಮರುದಿನ. ಆ ರಕ್ತ ನೋಡಿ ಬೊಂಬಾಯಿಯವರು, ಗುರುಬಾಯಿ ಇದ್ದಾರೆ, ನೂರಕ್ಕೆ ನೂರು ಇದ್ದಾರೆ ಎಂದು ಬರೆದುಕೊಟ್ಟಿದ್ದಾರೆ. ಅದನ್ನು ಓದಿದ ಮೇಲೆ ನಾನು ಕಟ್ಟೆಯ ಮೇಲೆ ಅವರು ಕೂರುತ್ತಿದ್ದ ಜಾಗಕ್ಕೆ ಬೆನ್ನು ಮಾಡಿ ಕೂರುವುದನ್ನು ಬಿಟ್ಟಿದ್ದೇನೆ.

ಖುರ್ಷಿದಬೇಗಂ


ಅಫಜಲಪುರ
೪ ಫೆಬ್ರುವರಿ ೧೯೯೭

ದೌಲ್ಯಾ,

ಸಿಟ್ಟಿಲ್ಲೋ ಮಾರಾಯ. ಸಂಕ್ರಮಣದಾಗ ಕಾಲ ಉಳಕಿತ್ತು, ಬಸ್ಸ ಹತ್ತಾಕ ಆಗಲಿಲ್ಲ. ಈಗ ಆರಾಮ ಅದೇನಿ. ನಿನ್ನ ರಿಪೋರ್ಟ ಕೇಳಿ ಬಾಳ ಖುಷಿ ಆತು. ಗುಳಿಗಿ ಹೊತ್ತಿಗೆ ಸರಿಯಾಗಿ ತಗೋ. ಶಿವಕಾಂತಾಗ ಏನೂ ಅನಬ್ಯಾಡ, ಆಕಿ ಮನಸ್ಸು ಚಲೋದು.

ನಾ ಇತ್ತೀಚಿಗಿ ಹೊರಗ ಬಾಳ ಹೋಗಂಗಿಲ್ಲ. ಇಲ್ಲೇ ಇರ್ತೇನಿ.

(ಎಡಗೈ ಹೆಬ್ಬೆಟ್ಟು)

ಹೇಳಿದಂತೆ ಬರೆದವಳು ಖುರ್ಷಿದಬೇಗಂ.


ಆಳಂದ
೨೦ ಫೆಬ್ರುವರಿ ೧೯೯೭

ಅಕ್ಕಾ,

ನಿನ್ನ ಕಾಗದ ಬಂತು. ಒಂದು ವಾರ ಉತ್ತರ ಬರೆಯಲಾಗಲಿಲ್ಲ, ಕಣ್ಣು ನೋಯುತ್ತಿತ್ತು. ಮನೆಯಲ್ಲಿ ಕೂತು ಬೇಸರ. ಗುರಣ್ಣನಿಂದ ಕಚೇರಿಯ ಭೂತಗನ್ನಡಿ ತರಿಸಿಕೊಂಡು ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲವನ್ನೂ ಜೋಡಿಸಿಟ್ಟಿದ್ದೇನೆ.

ಕಾಲು ಉಳುಕಿದ್ದರೆ ನೀನು ಬರುವುದು ಬೇಡ. ಬರುತ್ತೇನೆ ಅನ್ನಲೂ ಬೇಡ. ಕಾಗದ ಬರೆಸು, ಅದು ಸಾಕು. ಬರೆಸುವುದನ್ನು ಮಾತ್ರ ನಿಲ್ಲಿಸಬೇಡ ಅಕ್ಕಾ.

ಖುರ್ಷಿದಬೇಗಂ ಅವರಿಗೆ ತೊಂದರೆ ಕೊಡುತ್ತಿದ್ದೇವೆ. ನನ್ನ ಪರವಾಗಿ ಕ್ಷಮೆ ಕೇಳು.

ದೌಲತರಾಯ


ಅಫಜಲಪುರ
೧೫ ಏಪ್ರಿಲ್ ೧೯೯೭

ದೌಲ್ಯಾ,

ಬಿಸಲು ಬಾಳ ಆಗ್ಯದ. ಭೀಮಾ ನದಿ ಬತ್ತಿ ನಡುವ ಕಲ್ಲು ಎದ್ದಾವ. ಅಂಗಳದಾಗ ಕುಂತರ ಹಳೇದೆಲ್ಲ ನೆನಪಾಗ್ತದ. ಭೂಸನೂರಾಗ ನಮ್ಮ ಗಾಣ ನಡಿವಾಗ ನಾ ಕಬ್ಬಿನ ಸಿಪ್ಪಿ ಮ್ಯಾಲ ಮಲಗಿದ್ನೆಲ್ಲೋ, ಆಗ ನೀ ಬಂದು ನನ್ನ ಬಾಯಾಗ ಒಂದು ಶೇಂಗಾ ಬೀಜ ಇಟ್ಟಿ. ಖರೇನ ನನಗ ಆಗಂಗಿಲ್ಲೇನು ಅಂತ ನೋಡಾಕ. ಮಾರಿ ಎಲ್ಲ ಬಾತು ಉಸರ ಕಟ್ಟಿತು. ಅವ್ವ ಆಳಿನ ಮಗಳು ಮಾಡ್ಯಾಳ ಅಂತ ಆಕೀನ್ನ ಹೊಡದ್ಳು, ನೀ ಅಲ್ಲೇ ಸುಮ್ನ ನಿಂತಿದ್ದಿ.

ನನಗ ನಿದ್ದಿ ಹತ್ತಿರಲಿಲ್ಲೋ ತಮ್ಮಾ. ಕಣ್ಣ ಮುಚ್ಚಿ ಮಲಗಿದ್ದೆ, ನಿನ್ನ ಬೆರಳು ಗುರುತ ಹಿಡದಿದ್ದೆ. ಯಾರ ಮುಂದೂ ಅನ್ನಲಿಲ್ಲ. ಅದೇನು ಮನಸಿನಾಗ ಇಟ್ಟಗೋಬ್ಯಾಡ.

(ಎಡಗೈ ಹೆಬ್ಬೆಟ್ಟು)

ಹೇಳಿದಂತೆ ಬರೆದವಳು ಖುರ್ಷಿದಬೇಗಂ.


ಆಳಂದ
೨೮ ಜೂನ್ ೧೯೯೭

ಅಕ್ಕಾ,

ಎರಡು ತಿಂಗಳು ಬರೆಯಲಿಲ್ಲ. ನಿನ್ನ ಹೋದ ಕಾಗದಕ್ಕೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ನನ್ನದು ನಡೆದಿದೆ. ಡಾಕ್ಟರು ಏನೋ ಅನ್ನುತ್ತಿರುತ್ತಾರೆ, ಅದಿರಲಿ. ಮೊನ್ನೆ ಶಿವಕಾಂತಾ ಹಿತ್ತಿಲಲ್ಲಿದ್ದಾಗ ಡಬ್ಬಿ ತೆಗೆದು ಒಂದು ಚಮಚ ಶೇಂಗಾ ಹಿಂಡಿ ತಿಂದೆ. ಕನ್ನಡಿಯ ಮುಂದೆ ಕುಳಿತು ಕಾದೆ. ತುಟಿ ಉರಿಯಲಿಲ್ಲ. ತುರಿಕೆ ಇಲ್ಲ, ಊತ ಇಲ್ಲ, ಏನೂ ಆಗಲಿಲ್ಲ. ಮತ್ತೊಂದು ಚಮಚ ತಿಂದೆ. ಮೊದಲಿನ ಹಾಗೇ ರುಚಿ ಹತ್ತಿತು.

ಇಷ್ಟು ತಿಳಿಸಬೇಕೆನ್ನಿಸಿತು.

ದೌಲತರಾಯ


ಅಫಜಲಪುರ
೧೦ ಜುಲೈ ೧೯೯೭

ದೌಲ್ಯಾ,

ಎಷ್ಟ ಖುಷಿ ಸುದ್ದಿ ಬರದಿ! ಶೇಂಗಾ ತಿಂದ್ರೂ ಏನೂ ಆಗಲಿಲ್ಲ ಅಂದ್ರ ನೀ ಪೂರಾ ಆರಾಮ ಆದಿ ಅಂದಂಗ. ಆ ಕಾಟ ಒಂದು ಬಿಟ್ಟು ಹೋತು ನೋಡು. ಖುರ್ಷಿದಾ ಗುರುವಾರ ದರ್ಗಾಕ್ಕ ಹೋಗಿ ಸಕ್ಕರಿ ಹಂಚಿ ಬಂದಾಳ. ಇನ್ನ ಹೊಟ್ಟಿತುಂಬ ತಿನ್ನು, ಯಾರಿಗೂ ಅಂಜಬ್ಯಾಡ.

(ಎಡಗೈ ಹೆಬ್ಬೆಟ್ಟು)

ಹೇಳಿದಂತೆ ಬರೆದವಳು ಖುರ್ಷಿದಬೇಗಂ.


ಅಫಜಲಪುರ
೧೪ ಆಗಸ್ಟ್ ೧೯೯೭

ದೌಲತರಾಯ ಅವರಿಗೆ ಖುರ್ಷಿದಬೇಗಂ ಬೇಡಿಕೊಳ್ಳುವುದು.

ಇದು ನನ್ನ ಕಾಗದ. ಇದರ ಕೆಳಗೆ ಹೆಬ್ಬೆಟ್ಟು ಇಲ್ಲ. ನಿಂತು ಓದಬೇಡಿ, ಕುಳಿತುಕೊಳ್ಳಿ, ಶಿವಕಾಂತಾ ಬಾಯಿಯವರನ್ನು ಹತ್ತಿರ ಕರೆಯಿರಿ.

ನಿನ್ನೆ ಬೊಂಬಾಯಿಯ ದವಾಖಾನೆಯಿಂದ ಗುರುಬಾಯಿ ಅಕ್ಕನ ಹೆಸರಿಗೆ ಇಂಗ್ಲಿಷ್ ಕಾಗದ ಬಂತು. ಕಲ್ಯಾಣಪ್ಪನವರು ನನ್ನ ಕೈಗೆ ಕೊಟ್ಟರು. ಶಾಲೆಯ ಅಬ್ದುಲ್ ಗನಿ ಮಾಸ್ತರರಿಂದ ಓದಿಸಿದೆ. ನಿಮ್ಮ ರಕ್ತದಲ್ಲಿ ಅಕ್ಕನ ಪಾಲು ಏಪ್ರಿಲ್‌ನಲ್ಲಿ ತೊಂಬತ್ತಕ್ಕೂ, ಜುಲೈನಲ್ಲಿ ಎಪ್ಪತ್ತೊಂದಕ್ಕೂ ಇಳಿದಿದೆಯಂತೆ. ಅವರ ರಕ್ತದ ಬಿಳಿ ಕಣಗಳನ್ನು ಮತ್ತೆ ನಿಮಗೆ ಕೊಡಬೇಕು, ನಿಮ್ಮನ್ನು ಮೂರು ಸಲ ಕೇಳಿದರೂ ಬರುತ್ತಾಳೆ ಎನ್ನುತ್ತೀರಿ, ಆದ್ದರಿಂದ ಅಕ್ಕನೇ ಕೂಡಲೇ ಹೊರಟು ಬರಬೇಕು ಎಂದಿದೆ.

ಮಾಸ್ತರರು ಓದುತ್ತಿದ್ದಾಗ ನನಗೆ ಶೇಂಗಾದ ಕಾಗದ ನೆನಪಾಯಿತು. ನಾನೆಂಥ ಹುಚ್ಚಿ! ನೀವು ಅಕ್ಕ ಹೋಗುತ್ತಿದ್ದಾಳೆ ಎಂದು ಬರೆದಿದ್ದಿರಿ, ನಾನು ಸಕ್ಕರೆ ಹಂಚಿದೆ.

ದೌಲತರಾಯ, ಅಕ್ಕ ಬರುವುದಿಲ್ಲ. ಜನವರಿ ಒಂಬತ್ತರಂದು ಹೋದರು. ಅದಾದ ಮೇಲೆ ಬಂದ ಕಾಗದಗಳೆಲ್ಲ ನಾನೇ ಬರೆದವು. ನಿಮಗೆ ಆಘಾತ ಆಗಬಾರದೆಂದು ಮಾಡಿದ್ದು. ಹಾಗೆ ಮಾಡಿ ನಿಮ್ಮ ಏಳು ತಿಂಗಳು ಹಾಳು ಮಾಡಿದೆನೇನೋ. ನೀವು ಅವರ ದಾರಿ ಕಾಯುತ್ತ ಕುಳಿತಿದ್ದೀರಿ, ಅವರಿಲ್ಲವೆಂದು ಗೊತ್ತಾದರೆ ಡಾಕ್ಟರು ಬೇರೆ ಏನಾದರೂ ಮಾಡಬಹುದು. ಇವತ್ತೇ ಅವರಿಗೆ ತಿಳಿಸಿ. ನಿಮ್ಮ ಕಾಲಿಗೆ ಬೀಳುತ್ತೇನೆ. ಬೈಯುವುದಿದ್ದರೆ ಆಮೇಲೆ ಬೈಯಿರಿ.

ಖುರ್ಷಿದಬೇಗಂ


ಆಳಂದ
೨೨ ಆಗಸ್ಟ್ ೧೯೯೭

ಖುರ್ಷಿದ ಆಪಾ ಅವರಿಗೆ,

ನೀವು ಹುಚ್ಚಿಯಲ್ಲ. ಬೈಯುವ ಮಾತೂ ಇಲ್ಲ. ನನಗೆ ಫೆಬ್ರುವರಿಯಲ್ಲೇ ಗೊತ್ತಿತ್ತು.

ಅಕ್ಕನ ಎಡ ಹೆಬ್ಬೆಟ್ಟಿನಲ್ಲಿ ಚಕ್ರ, ನಿಮ್ಮದರಲ್ಲಿ ಶಂಖ. ಭೂತಗನ್ನಡಿ ಕೂಡ ಬೇಕಾಗಿರಲಿಲ್ಲ, ಬರಿಗಣ್ಣಿಗೇ ಕಂಡಿತು. ಆದರೂ ತರಿಸಿ ನೋಡಿದೆ, ಹತ್ತು ವರ್ಷದ ಕಾಗದಗಳನ್ನೆಲ್ಲ ಸಾಲಾಗಿಟ್ಟು, ಬೊಂಬಾಯಿಯವರು ಗೆರೆ ನೋಡಿದ ಹಾಗೆ. ಆಮೇಲೆ ಶಿವಕಾಂತಾಳ ಪೆಟ್ಟಿಗೆಯಲ್ಲಿ, ಜೇವರ್ಗಿಗೆಂದು ಉಟ್ಟುಹೋಗಿದ್ದ ಸೀರೆಯ ಸೆರಗಿನಲ್ಲಿ ಸಿಕ್ಕಿಕೊಂಡಿದ್ದ ಒಣ ಪತ್ರಿಯ ಎಲೆ ಸಿಕ್ಕಿತು. ಸಮಾಧಿಗೆ ಪತ್ರಿ ಹಾಕಿ ಬಂದಿದ್ದಳು. ಅವತ್ತು ಅವಳು ನೀರಿಗೆ ಹೋದಾಗ ಬಾಯಿಗೆ ಟವೆಲ್ ತುರುಕಿಕೊಂಡು ಅತ್ತೆ. ಅವಳು ಬಂದಾಗ ಕಣ್ಣು ನೋವು ಅಂದೆ.

ಯಾಕೆ ಹೇಳಲಿಲ್ಲ ಅಂದರೆ, ಹೇಳಿದರೆ ನೀವು ಬರೆಯುವುದನ್ನು ನಿಲ್ಲಿಸುತ್ತಿದ್ದಿರಿ. ನನ್ನ ಮೈಯಲ್ಲಿ ಅವಳ ರಕ್ತ, ಟಪಾಲಿನಲ್ಲಿ ಅವಳ ಮಾತು. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ ಎಂದು ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ಓದಿದವನು ಹೀಗೆ ನಂಬಬಾರದು, ಆದರೆ ನಂಬಿದೆ. ಡಾಕ್ಟರ್ ಬಾಯಿ ಅಕ್ಕನನ್ನು ಕರೆತನ್ನಿ ಎಂದಾಗಲೆಲ್ಲ, ಅವಳಿಲ್ಲ ಅನ್ನುವ ಮಾತು ನಾಲಿಗೆಗೆ ಬರಲೇ ಇಲ್ಲ. ಬರ್ತಾಳ್ರಿ, ಬರ್ತಾಳ್ರಿ ಅನ್ನುತ್ತ ಹೋದೆ. ಅತ್ತ ನನ್ನ ಹಳೆಯ ಗೆರೆ ಮಸುಕಾಗಿ ಮೂಡತೊಡಗಿತು. ಹಾಳೆಯ ಮೇಲೆ ಅದನ್ನು ನೋಡಿದರೆ ಸತ್ತವನು ನಾನು, ತಿರುಗಿ ಬರುತ್ತಿರುವವನೂ ನಾನು ಎನ್ನಿಸಿತು.

ನಿಮ್ಮ ಕಾಗದವನ್ನು ಶಿವಕಾಂತಾಳ ಕೈಗೆ ಕೊಟ್ಟೆ. ಏಳು ತಿಂಗಳ ಅಳು ಒಮ್ಮೆಲೇ ಅತ್ತೆವು. ಅದೇ ದಿನ ಬೊಂಬಾಯಿಗೆ ಫೋನ್ ಮಾಡಿ ನಿಜ ಹೇಳಿದೆ. ಡಾಕ್ಟರ್ ಬಾಯಿ, "ಮ್ಯಾಚ್ ಆಗುವವರು ಬೇರೆ ಯಾರೂ ಇಲ್ಲ. ಒಂದೇ ದಾರಿ ಇದೆ" ಎಂದರು. ಇಷ್ಟು ದಿನ ತೆಗೆದುಕೊಳ್ಳುತ್ತಿದ್ದ ಗುಳಿಗೆ ಅಕ್ಕನ ರಕ್ತ ನನ್ನ ಮೈಯ ಮೇಲೆ ತಿರುಗಿ ಬೀಳದಂತೆ ಹಿಡಿದಿಡುತ್ತಿತ್ತಂತೆ. ಅದನ್ನು ನಿಲ್ಲಿಸಿಬಿಡುವುದು, ಉಳಿದಿರುವ ಅವಳ ಪಾಲನ್ನು ಕಟ್ಟು ಬಿಚ್ಚಿ ಬಿಟ್ಟು ನೋಡುವುದು. ನನ್ನ ಹಳೆಯ ರಕ್ತದ ಮೇಲೆ ಅವಳು ಗೆದ್ದರೆ ನಾನು ಉಳಿಯುತ್ತೇನೆ. ಹೆಚ್ಚು ಸಿಟ್ಟಾದರೆ ನನ್ನ ಲಿವರನ್ನೇ ತಿನ್ನುತ್ತಾಳೆ. ನಿನ್ನೆಯಿಂದ ಗುಳಿಗೆ ನಿಲ್ಲಿಸಿದ್ದೇನೆ.

ಆಪಾ, ಒಂದನ್ನು ಮಾತ್ರ ನೀವು ಹೇಳಲೇಬೇಕು. ಹೆಬ್ಬೆಟ್ಟು ನಿಮ್ಮದು, ಸರಿ. ಏಪ್ರಿಲ್ ಕಾಗದದ ಶೇಂಗಾ ಬೀಜದ ಮಾತು ಎಲ್ಲಿಂದ ಬಂತು? ನಾನು ಅದನ್ನು ಈ ಮೂವತ್ತು ವರ್ಷದಲ್ಲಿ ಯಾರಿಗೂ ಹೇಳಿಲ್ಲ, ಶಿವಕಾಂತಾಳಿಗೂ ಇಲ್ಲ. ಅಕ್ಕ ನಿದ್ದೆಯಲ್ಲಿದ್ದಳೆಂದೇ ಇಷ್ಟು ವರ್ಷ ತಿಳಿದಿದ್ದೆ.

ದೌಲತರಾಯ


ಅಫಜಲಪುರ
೫ ಸೆಪ್ಟೆಂಬರ್ ೧೯೯೭

ದೌಲತರಾಯ ಅವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ. ನಾನು ಮೋಸ ಮಾಡುತ್ತಿದ್ದೇನೆಂದುಕೊಂಡಿದ್ದೆ, ನೀವು ನನ್ನನ್ನು ಕಾಯುತ್ತಿದ್ದಿರಿ.

ಶೇಂಗಾ ಬೀಜದ ಮಾತು ಅಕ್ಕ ಹೇಳಿದ್ದೆಂದೇ ತಿಳಿದು ಬರೆದೆ. ಈಗ ನೀವು ಕೇಳಿದ ಮೇಲೆ ನೆನೆದು ನೆನೆದು ಸಾಕಾಯಿತು. ಎಲ್ಲಿ ಕುಳಿತು ಹೇಳಿದರು, ಯಾವಾಗ ಹೇಳಿದರು, ಯಾವುದೂ ನೆನಪಿಗೆ ಬರುತ್ತಿಲ್ಲ. ಹತ್ತು ವರ್ಷ ಅವರು ಹೇಳುವುದು, ನಾನು ಬರೆಯುವುದು. ಎಷ್ಟೋ ಮಾತು ಬರೆಸಿ, ಇದು ಬ್ಯಾಡ ತಗಿ ಎಂದು ಹೊಡೆಸಿದ್ದೂ ಉಂಟು. ಅದರಲ್ಲಿ ಒಂದಿರಬಹುದು. ಇರಬಹುದು ಎಂದಷ್ಟೇ ಹೇಳಬಲ್ಲೆ.

ಇನ್ನೊಂದು ಮಾತು. ಹೇಳದೆ ಇಟ್ಟುಕೊಂಡರೆ ತಪ್ಪಾಗುತ್ತದೆ. ಫೆಬ್ರುವರಿಯ ಕಾಗದ ಬರೆಯಲು ನಾನು ಮೂರು ಹಾಳೆ ಹರಿದೆ, ಒಂದೊಂದು ಮಾತನ್ನೂ ಹುಡುಕಿ ಬರೆದೆ. ಏಪ್ರಿಲ್‌ನದು ಹಾಗಲ್ಲ. ಮಧ್ಯಾಹ್ನದ ಬಿಸಿಲು, ಓಣಿಯಲ್ಲಿ ಯಾರೂ ಇಲ್ಲ. ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೆ. ನಡುವೆ ಪೆನ್ನು ನಿಂತಿತು, ಅಕ್ಕ ಮುಂದಿನ ಮಾತು ಯೋಚಿಸುವಾಗ ನಾನು ಕಾಯುತ್ತಿದ್ದೆನಲ್ಲ, ಹಾಗೆ ಕಾದೆ. ಆಮೇಲೆ ಬರೆದೆ. ಮುಗಿದ ಮೇಲೆ ಎಂದಿನಂತೆ ಮಸಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಹಿಡಿದೆ. ಪಕ್ಕದಲ್ಲಿ ಯಾರಿದ್ದರು ಬೆರಳು ಅದ್ದಲು? ಆಗ ಎಚ್ಚರಾಗಿ ನನ್ನ ಹೆಬ್ಬೆಟ್ಟು ಒತ್ತಿ ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಇನ್ನು ನಾನು ಅವರ ಹೆಸರಿನಲ್ಲಿ ಬರೆಯುವುದಿಲ್ಲ. ನನಗೆ ಭಯವಾಗುತ್ತದೆ. ನಿಮಗಾಗಿ ಐದು ಹೊತ್ತೂ ದುವಾ ಮಾಡುತ್ತಿದ್ದೇನೆ.

ಖುರ್ಷಿದಬೇಗಂ


ಆಳಂದ
೧೬ ಜನವರಿ ೧೯೯೮

ಖುರ್ಷಿದ ಆಪಾ ಅವರಿಗೆ ದೌಲತರಾಯನ ಸಲಾಂ.

ಸುಮಾರು ಐದು ತಿಂಗಳು ನನ್ನಿಂದ ಕಾಗದವಿಲ್ಲ. ನೀವು ಏನೆಂದುಕೊಂಡಿರಿ ಎಂದು ಗೊತ್ತು. ಬರೆಯುವ ಸ್ಥಿತಿಯಲ್ಲಿರಲಿಲ್ಲ. ಗುಳಿಗೆ ಬಿಟ್ಟ ಆರನೆಯ ವಾರಕ್ಕೆ ಅಕ್ಕ ಸಿಟ್ಟಿಗೆದ್ದಳು. ಅಂಗೈ ಅಂಗಾಲು ಕೆಂಪಾಗಿ ಚರ್ಮ ಸುಲಿಯಿತು, ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಬೊಂಬಾಯಿಯಲ್ಲಿ ಇಪ್ಪತ್ತಾರು ದಿನ ಮಲಗಿದೆ. ಶಿವಕಾಂತಾ ನನ್ನ ಕೈ ಹಿಡಿದು, "ಸಾಕ್ರಿ ಅಕ್ಕಾ, ಬಿಡ್ರಿ ಇನ್ನ, ಎಷ್ಟಂತ ಹೊಡೀತೀರಿ ನಿಮ್ಮ ತಮ್ಮಗ" ಎಂದು ನನ್ನ ಕೈಗೇ ಹೇಳುತ್ತಿದ್ದಳು. ಪಕ್ಕದ ಹಾಸಿಗೆಯವರು ಅವಳಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಡಾಕ್ಟರ್ ಬಾಯಿ ಮಾತ್ರ, ಇದು ಒಳ್ಳೆಯ ಲಕ್ಷಣವೂ ಇರಬಹುದು, ತಡೆಯಿರಿ ಎಂದರು. ನಿಧಾನಕ್ಕೆ ಇಳಿಯಿತು.

ಡಿಸೆಂಬರ್ ಕೊನೆಗೆ ರಕ್ತ ತೆಗೆದುಕೊಂಡು ನಮ್ಮನ್ನು ಊರಿಗೆ ಕಳಿಸಿದರು. ವರದಿ ಟಪಾಲಿನಲ್ಲಿ ಬರುತ್ತದೆ ಎಂದರು. ಬಂದದ್ದು ಮೊನ್ನೆ, ಸಂಕ್ರಮಣದ ದಿನ.

ಲಕೋಟೆ ಕೈಗೆ ಬಂದರೂ ಒಡೆಯಲಿಲ್ಲ. ಮಧ್ಯಾಹ್ನ ಊಟದ ಹೊತ್ತು. ಶಿವಕಾಂತಾಳಿಗೆ, ಒಂದು ಶೇಂಗಾ ಬೀಜ ಕೊಡು ಅಂದೆ. ಕೊಡುವುದಿಲ್ಲ ಅಂದಳು. "ಒಂದೇ ಒಂದು, ತುರಿಕಿ ಗುಳಿಗಿ ಕೈಯಾಗ ಹಿಡಕೊಂಡು ಬಾಜೂಕ ಕುಂದ್ರು" ಅಂದೆ. ಕೊಟ್ಟಳು. ಹಾಸಿಗೆಯ ಮೇಲೆ ಅಂಗಾತ ಮಲಗಿ, ಅಕ್ಕ ಅವತ್ತು ಗಾಣದ ಹತ್ತಿರ ಮಲಗಿದ್ದಂತೆ ಕಣ್ಣು ಮುಚ್ಚಿ, ಬೀಜವನ್ನು ಬಾಯಲ್ಲಿಟ್ಟುಕೊಂಡೆ. ಅಗಿಯಲಿಲ್ಲ. ಮನಸ್ಸಿನಲ್ಲೇ, ತಪ್ಪಾಯಿತು ಅಕ್ಕಾ, ಆ ಆಳಿನ ಮಗಳಿಗೆ ಪೆಟ್ಟು ತಿನ್ನಿಸಿದ್ದೂ ತಪ್ಪಾಯಿತು, ಅವತ್ತೇ ಹೇಳಬೇಕಿತ್ತು ಎಂದೆ.

ಬಹಳ ಹೊತ್ತು ಏನೂ ಇಲ್ಲ. ಓಣಿಯಲ್ಲಿ ಯಾರೋ ಎಳ್ಳು ಬೆಲ್ಲ ಹಂಚುತ್ತ ಹೋದರು. ಶಿವಕಾಂತಾ ಸಣ್ಣಗೆ ಅಳುತ್ತಿದ್ದದ್ದು ಕೇಳಿಸುತ್ತಿತ್ತು. ಉಗುಳಿಬಿಡೋಣ ಅಂದುಕೊಂಡೆ.

ಆಗ ಲಕೋಟೆ ಹರಿದ ಸಪ್ಪಳವಾಯಿತು. ಅವಳಿಗೆ ತಡೆಯಲಾಗಲಿಲ್ಲ. ಇಂಗ್ಲಿಷ್ ಅಂಕಿ ಮಾತ್ರ ಓದಬಲ್ಲಳು. "ಒಂಬತ್ತು... ಎಂಟು ಅದರಿ" ಅಂದಳು. "ತೊಂಬತ್ತೆಂಟು. ಏನ್ರಿ ಇದು? ಚಲೋದೋ, ಕೆಟ್ಟದ್ದೋ?"

ಚಲೋದು ಅನ್ನಲು ಬಾಯಿ ತೆರೆದೆ, ಆಪಾ. ಮಾತು ತೊದಲಿತು. ಮೇಲಿನ ತುಟಿ ಊದಿತ್ತು.

ಈ ಕಾಗದವನ್ನು ಒಮ್ಮೆ ನಿಮ್ಮ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಓದಿ. ಪಕ್ಕದಲ್ಲಿ ಸ್ವಲ್ಪ ಜಾಗ ಬಿಡಿ.

ದೌಲತರಾಯ